ಮೂವತ್ತೊಂದನೇ ನಂಬರು

ಅರವತ್ತಮೂರು ಮಕ್ಕಳ ತರಗತಿಯೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಒಂದನ್ನು ಕೂರಿಸಿದರೆ ಇನ್ನೊಂದು ಜಿಗಿಯುತ್ತದೆ. ಹೆಸರು ಕೂಗಿ ಹಾಜರಿ ಹಾಕುವ ಗೋಜಿಗೇ ಟೀಚರಮ್ಮ ಹೋಗುತ್ತಿರಲಿಲ್ಲ. ನಂಬರು ಕೂಗುವುದು, ಗೀಟು ಎಳೆಯುವುದು, ಪಾಠಕ್ಕಿಳಿಯುವುದು, ಅಷ್ಟೇ.

ಈ ವರ್ಷ ಅದಕ್ಕೂ ಕಲ್ಲು ಬಿತ್ತು. ಕಿಟಕಿ ಪಕ್ಕದ ಪುಟ್ಟಿಗೆ ಆಟಿಸಂ. ಮಾತು ಕಡಿಮೆ, ಲೆಕ್ಕದಲ್ಲಿ ಮಾತ್ರ ಚುರುಕು. ದಿನವೂ ಹಾಜರಿಯ ನಡುವೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಗಲಾಟೆ ತಡೆಯಲಾರಳು ಎಂದು ಎಲ್ಲರೂ ತೀರ್ಮಾನಿಸಿದ್ದರು, ಟೀಚರಮ್ಮನೂ ಸೇರಿ.

"ಶುಕ್ರವಾರದವರೆಗೆ ನೋಡೋಣ," ಎಂದರು ಹೆಡ್‌ಮೇಡಂ. "ಆಮೇಲೂ ಹೀಗೇ ಆದ್ರೆ ಅವರಮ್ಮ ಮನೇಲೇ ಇಟ್ಕೊಳ್ಲಿ. ಒಬ್ಬಳಿಗೋಸ್ಕರ ಅರವತ್ತೆರಡು ಮಕ್ಕಳ ಪಾಠ ಕೆಡಿಸೋಕಾಗಲ್ಲ."

ಅಮ್ಮ ವರಾಂಡದಲ್ಲೇ ಕೂತಿರುತ್ತಿದ್ದಳು, ಮಗಳ ಚೀಲ ಮಡಿಲಲ್ಲಿಟ್ಟುಕೊಂಡು. ಯಾವ ಗಳಿಗೆಯಲ್ಲಿ ಕರೆದುಕೊಂಡು ಹೋಗಿ ಅನ್ನುತ್ತಾರೋ ಯಾರಿಗೆ ಗೊತ್ತು. ಅವಳ ಮುಖ ನೋಡಲಾರದೆ ಟೀಚರಮ್ಮ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದರು.

ಗುರುವಾರ ಟೀಚರಮ್ಮನ ಗಂಟಲು ಕಟ್ಟಿತು. ಅಷ್ಟು ಮಕ್ಕಳ ಮೇಲೆ ಕೂಗಿದರೆ ಕಟ್ಟದೆ ಇನ್ನೇನು. ಮುಂದಿನ ಬೆಂಚಿನ ಬಾಯಿಬಡುಕಿಗೆ ನಂಬರು ಕೂಗಲು ಹೇಳಿ, ತಾವು ಗೀಟು ಹಾಕುತ್ತ ಕೂತರು.

"ಮೂವತ್ತು."

"ಇದ್ದೀನಿ."

"ಮೂವತ್ತೊಂದು."

ಉತ್ತರವಿಲ್ಲ. "ಅವನು ಊರು ಬಿಟ್ಟೋದ್ನಲ್ಲೇ," ಎಂದು ಹಿಂದಿನವನೊಬ್ಬ ನಕ್ಕ. ಟೀಚರಮ್ಮ ಪುಸ್ತಕ ನೋಡಿದರು. ವರ್ಷದ ಮೊದಲಲ್ಲೇ ಆ ಸಾಲಿಗೆ ಅವರೇ ಕೆಂಪು ಗೆರೆ ಎಳೆದಿದ್ದರು. ಅಂದಿನಿಂದ ಮೂವತ್ತಾದ ಮೇಲೆ ಮೂವತ್ತೆರಡಕ್ಕೆ ಹಾರುತ್ತಿದ್ದರು. ಪುಟ್ಟಿ ಕಿರುಚುತ್ತಿದ್ದುದೂ ಅದೇ ಗಳಿಗೆಯಲ್ಲಿ.

ತಲೆಯೆತ್ತಿ ನೋಡಿದರೆ ಪುಟ್ಟಿಯ ಕೈಗಳು ಡೆಸ್ಕಿನ ಮೇಲೇ ಇದ್ದವು. ತನ್ನ ನಂಬರು ಐವತ್ತೆರಡು ಎಂದಾಗ, "ಇದ್ದೀನಿ," ಎಂದಳು. ಶಾಲೆಗೆ ಸೇರಿದ ಮೇಲೆ ಅದೇ ಮೊದಲು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂದು ಟೀಚರಮ್ಮ ತಮ್ಮನ್ನೇ ಬೈದುಕೊಂಡರು. ಕಣ್ಣು ತುಂಬಿ ಬಂತು.

ಶುಕ್ರವಾರ ಹೆಡ್‌ಮೇಡಂ ಬಾಗಿಲಲ್ಲಿ ನಿಂತರು. ಟೀಚರಮ್ಮ ಒಡಕು ದನಿಯಲ್ಲೇ ಕೂಗುತ್ತ ಬಂದರು. "ಮೂವತ್ತೊಂದು" ಎಂದು ಕಿಟಕಿಯ ಕಡೆ ನೋಡಿದರು.

"ಇಲ್ಲ," ಎಂದಳು ಪುಟ್ಟಿ, ಕಿಟಕಿಯಾಚೆ ನೋಡುತ್ತಲೇ. "ಮೂವತ್ತೆರಡು."

ಹಾಜರಿ ಮುಗಿಯಿತು. ಕಿರುಚಾಟ ಬರಲೇ ಇಲ್ಲ.

"ಆ ಹುಡುಗನ ಹೆಸರು ಹೊಡೆದುಹಾಕಿದ್ವಲ್ಲ?" ಹೆಡ್‌ಮೇಡಂ ಮೆಲ್ಲಗೆ ಕೇಳಿದರು.

"ಹೊಡೆದುಹಾಕಿದ್ದು ನಾವು ಮೇಡಂ. ಅವಳಲ್ಲ."

ಹೆಡ್‌ಮೇಡಂ ವರಾಂಡಕ್ಕೆ ಹೋದರು. "ನೀವಿನ್ನು ಮನೆಗೆ ಹೋಗಿ ಅಮ್ಮ."

ಅಮ್ಮನ ಮುಖ ಕಪ್ಪಿಟ್ಟಿತು. ಚೀಲ ಹೆಗಲಿಗೇರಿಸಿ, ಮಗಳನ್ನು ಕರೆಯಲು ಬಾಗಿಲ ಕಡೆ ತಿರುಗಿದಳು.

"ಅವಳನ್ನಲ್ಲ, ನೀವು," ಎಂದು ಹೆಡ್‌ಮೇಡಂ ಕೈ ಚಾಚಿದರು. "ಚೀಲ ಕೊಡಿ. ಅದು ಒಳಗಿರಬೇಕಾದ್ದು."