ಜವಾಬ್ದಾರಿಯುತ ವಯಸ್ಕರೊಬ್ಬರು

ಮಧುಗಿರಿಯ ನರ್ಸಿಂಗ್ ಹೋಮಿನವರು ಕೊಟ್ಟ ಹಾಳೆಯಲ್ಲಿ ಒಂಬತ್ತು ಸೂಚನೆಗಳಿದ್ದವು. ಒಡವೆ ಹಾಕಿಕೊಂಡು ಬರಬೇಡಿ, ಉಗುರಿಗೆ ಬಣ್ಣ ಹಚ್ಚಬೇಡಿ, ಹಿಂದಿನ ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬೇಡಿ, ಇಂಥವು. ಎಂಟನ್ನು ಓದಿದಾಗ ನನಗೇನೂ ಅನ್ನಿಸಲಿಲ್ಲ. ಒಂಬತ್ತನೆಯದು ಹೀಗಿತ್ತು: 'ಅರಿವಳಿಕೆ ಪಡೆದವರು ಅದೇ ಸಂಜೆ ಮನೆಗೆ ಹೋಗಬಹುದು. ಮುಂದಿನ ಇಪ್ಪತ್ನಾಲ್ಕು ಗಂಟೆ ಜವಾಬ್ದಾರಿಯುತ ವಯಸ್ಕರೊಬ್ಬರು ಜೊತೆಗಿರಬೇಕು. ರೋಗಿಯು ಗಾಡಿ ಓಡಿಸಬಾರದು, ಒಲೆ ಹಚ್ಚಬಾರದು, ಕಾಗದಗಳಿಗೆ ಸಹಿ ಹಾಕಬಾರದು, ಮುಖ್ಯ ತೀರ್ಮಾನ ತೆಗೆದುಕೊಳ್ಳಬಾರದು.'

ಮಿಡಿಗೇಶಿಯ ನಮ್ಮ ಮನೆಯಲ್ಲಿ ವಯಸ್ಕರಿಗೆ ಬರವಿರಲಿಲ್ಲ. ಜವಾಬ್ದಾರಿಯುತರು ಅಂತ ಹುಡುಕಿದರೆ ನಾನೊಬ್ಬಳೇ ಸಿಗುತ್ತಿದ್ದೆ. ಈಗ ಮಲಗಬೇಕಾದವಳೂ ನಾನೇ.

ನನ್ನ ಗಂಡ ರಂಗೇಶ್‌ಗೆ ಬಸ್ ಸ್ಟ್ಯಾಂಡ್ ಹತ್ತಿರ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರಿನ ಹೊಟ್ಟೆ ಬಗೆದು ತಂತಿ ಹೊರಗೆಳೆಯುವ ಮನುಷ್ಯ, ಸೂಜಿ ಕಂಡರೆ ಬೀಳುತ್ತಾರೆ. ಇದು ಮಾತಿಗೆ ಹೇಳುತ್ತಿರುವುದಲ್ಲ. ಮಗಳು ಹುಟ್ಟಿದ ದಿನ ನನ್ನ ಕೈಗೆ ಡ್ರಿಪ್ ಚುಚ್ಚುವುದನ್ನು ನೋಡಿ ಬಿದ್ದರು, ಹಣೆಗೆ ಮೂರು ಹೊಲಿಗೆ ಬಿತ್ತು, ವಾರ್ಡಿನಲ್ಲಿದ್ದ ಒಂದೇ ಮಂಚ ಅವರಿಗೆ ಹೋಯಿತು. ಬಾಣಂತಿ ನಾನು ಮಗುವನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು ಅವರಿಗೆ ಗಾಳಿ ಹಾಕಿದೆ.

ಇನ್ನು ಅತ್ತೆ ಓಬಳಮ್ಮ. ಅವರಿಗೆ ನನ್ನ ಕಾಯಿಲೆಗಿಂತ ಡಾಕ್ಟರು ಹೇಳಿದ ಚಿಕಿತ್ಸೆಯ ಮೇಲೇ ಸಿಟ್ಟು. ಎಂಟು ತಿಂಗಳಿಂದ ನನಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಗರ್ಭಕೋಶದ ಒಳಗೆ ಸಣ್ಣ ಗಂಟಿದೆ, ಇಪ್ಪತ್ತು ನಿಮಿಷದಲ್ಲಿ ತೆಗೆದು ಪರೀಕ್ಷೆಗೆ ಕಳಿಸೋಣ ಅಂದಿದ್ದರು. ಅತ್ತೆ, "ಅರೆಬರೆ ಯಾಕೆ, ಚೀಲಾನೇ ತೆಗಿಸ್ಬುಡು. ಇನ್ನೇನು ಕೆಲ್ಸ ಐತೆ ಅದುಕ್ಕೆ?" ಅಂದರು. ಮನೆಯಲ್ಲಿ ಕೆಲಸವಿಲ್ಲದ ಬೇಕಾದಷ್ಟು ವಸ್ತುಗಳಿದ್ದವು, ಯಾವುದನ್ನೂ ಅವರು ಎಸೆಯಲು ಬಿಟ್ಟವರಲ್ಲ. ಅವರ ಮಾತಿಗೆ ಊರೆಲ್ಲ ದನಿಗೂಡಿಸುವ ಮೊದಲು ಆ ಗುರುವಾರವೇ ಕೆಲಸ ಮುಗಿಸಬೇಕಿತ್ತು. ಪರೀಕ್ಷೆಯಲ್ಲಿ ಏನು ಬರುತ್ತದೋ ಅನ್ನುವ ಭಯ ಬೇರೆ, ಯಾರಿಗೂ ಹೇಳದ್ದು. ಅದಕ್ಕಿಂತ ಹೇಳಬಾರದ್ದು ಇನ್ನೊಂದು: ಆ ಇಪ್ಪತ್ತು ನಿಮಿಷದ ನಿದ್ದೆಗೆ ನಾನು ಆಸೆಪಡುತ್ತಿದ್ದೆ. ಯಾರು ಕೂಗಿದರೂ ಏಳಲಾಗದ ನಿದ್ದೆ. ಮದುವೆಯಾದ ಮೇಲೆ ಅಂಥದ್ದು ಮಾಡಿಯೇ ಇರಲಿಲ್ಲ.

ಕೊನೆಗೆ ಚಿಕ್ಕಹನುಮಕ್ಕನ ಮನೆಗೆ ಹೋದೆ.

ನಮ್ಮೂರಲ್ಲಿ ಹೆಂಗಸರು ಆಸ್ಪತ್ರೆಗೆ ಹೋಗಬೇಕಾದರೆ ಗಂಡನನ್ನಲ್ಲ, ಚಿಕ್ಕಹನುಮಕ್ಕನನ್ನು ಕರೆದುಕೊಂಡು ಹೋಗುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಯಾವ ಆಸ್ಪತ್ರೆಯ ಯಾವ ನರ್ಸು ಒಳ್ಳೆಯವಳು, ಯಾವ ಕ್ಯಾಂಟೀನಿನ ಸಾಂಬಾರು ನೀರು ಅನ್ನುವುದೆಲ್ಲ ಅವಳಿಗೆ ಗೊತ್ತು. ತೊಂದರೆ ಏನೆಂದರೆ, ನಾನು ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. ಹಿಂದಿನ ತಿಂಗಳಷ್ಟೇ ಇಪ್ಪತ್ತು ಜನರೆದುರು ಅವಳ ಹಾಲನ್ನು ನೀರು ಬೆರೆತಿದೆ ಅಂತ ವಾಪಸು ಕಳಿಸಿದ್ದೆ.

ಅವಳು ಬಾಗಿಲಲ್ಲೇ ನಿಂತು ಪೂರಾ ಕೇಳಿಸಿಕೊಂಡಳು.

"ಓಹೋ. ಈಗ ನಾನು ಬೇಕಾದ್ನಾ?"

"ಬೇಕು ಅಕ್ಕ."

"ಹಾಲು ಬ್ಯಾಡ, ಹಾಲಿನೋಳು ಬೇಕು."

"ಬರ್ತೀಯೋ ಇಲ್ವೋ ಹೇಳು."

"ಬರ್ದೆ ಇನ್ನೇನು? ನಿನ್ ಗಂಡನ್ನ ಕರ್ಕೊಂಡೋದ್ರೆ ಇಬ್ರುನ್ನೂ ಎತ್ತಾಕ್ಕಂಡು ಬರಾಕೆ ಲಾರಿ ಬೇಕು. ಆರು ಮುಕ್ಕಾಲು ಬಸ್ಸು. ತಡ ಮಾಡ್ಬ್ಯಾಡ."

ಗುರುವಾರ ಏಳೂವರೆಗೆ ಮಧುಗಿರಿಯಲ್ಲಿ ಇಳಿದೆವು. ಅವಳು ನನ್ನನ್ನು ನೇರ ಹೋಟೆಲಿಗೆ ನಡೆಸಿಕೊಂಡು ಹೋದಳು.

"ಅಕ್ಕ, ಏನೂ ತಿನ್ನಬಾರದು ಅಂತ ಬರೆದಿದ್ದಾರೆ."

"ಬರೀತಾರೆ. ಅವರಿಗೇನು, ಬರ್ದು ಮನೇಗೋಗಿ ಉಣ್ತಾರೆ. ಮೈಯಾಗೆ ರಕ್ತಾನೇ ಇಲ್ಲ, ಕಣ್ಣು ನೋಡು ಸುಣ್ಣ ಹೊಡ್ದಂಗವೆ. ಬರೀ ಹೊಟ್ಟೇಲಿ ಸೂಜಿ ಚುಚ್ಚುಸ್ಕಂಡ್ರೆ ಎದೆ ನಿಂತೋಗುತ್ತೆ. ನಾನು ಕರ್ಕೊಂಬಂದ ಹೆಂಗಸ್ರುಗೆಲ್ಲ ತಿನ್ಸೇ ಒಳಗೆ ಕಳ್ಸಿರೋದು. ಒಬ್ಬಳಾದ್ರೂ ಸತ್ತವಳಾ? ತಿನ್ನು."

ತಿಂದೆ. ಒಂದೂವರೆ ಇಡ್ಲಿ, ಅರ್ಧ ಲೋಟ ಕಾಫಿ. ಓದು ಬರಹ ಬಲ್ಲವಳು, ಹಾಳೆ ಬ್ಯಾಗಿನಲ್ಲೇ ಇತ್ತು. ಹಸಿವಾಗಿತ್ತು ಅನ್ನುವುದು ಅರ್ಧ ನಿಜ. ಉಳಿದರ್ಧ ಏನೆಂದರೆ, ಹೊರಡುವ ಮೊದಲು ನನ್ನ ಮುಖ ನೋಡಿ 'ತಿನ್ನು' ಅಂದವರು ಬಹಳ ವರ್ಷಗಳಿಂದ ಯಾರೂ ಇರಲಿಲ್ಲ. ಆ ಮಾತಿಗೆ ಅವಳು ಮಣ್ಣು ಕೊಟ್ಟಿದ್ದರೂ ತಿನ್ನುತ್ತಿದ್ದೆನೇನೋ.

ಒಂಬತ್ತಕ್ಕೆ ಹಸಿರು ಗೌನು ತೊಡಿಸಿ ಮಂಚದ ಮೇಲೆ ಕೂರಿಸಿದರು. ಅದಕ್ಕೆ ಹಿಂದುಗಡೆ ಬಟ್ಟೆಯೇ ಇಲ್ಲ. ಅದನ್ನು ಹೊಲಿದವನಿಗೆ ಹೆಂಗಸರ ಮುಂಭಾಗದ ಮಾನ ಮಾತ್ರ ಗೊತ್ತಿದ್ದಂತಿತ್ತು. ಮತ್ತಿನ ಡಾಕ್ಟರು ಬಂದರು. ಹೆಸರು ಶೃತಿ, ಗುರುವಾರಕ್ಕೊಮ್ಮೆ ತುಮಕೂರಿನಿಂದ ಬರುವವರು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು ಅಷ್ಟೇ. ಅಲುಗಾಡುವ ಹಲ್ಲಿದೆಯಾ, ಮಾತ್ರೆ ಏನು ತೊಗೋತೀರಾ, ಮುಂಚೆ ಯಾವಾಗಲಾದರೂ ಅರಿವಳಿಕೆ ಕೊಟ್ಟಿದ್ದರಾ ಅಂತ ಒಂದೊಂದೇ ಕೇಳಿ ಬರೆದುಕೊಂಡರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ, ಕುಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಚಿಕ್ಕಹನುಮಕ್ಕ, "ಅಯ್ಯೋ, ಒಂದು ತೊಟ್ಟು ನೀರು ಮುಟ್ಟಿದ್ರೆ ಕೇಳಿ ಡಾಕ್ಟ್ರಮ್ಮ" ಅಂದಳು.

ಅವಳ ಮುಖ ನೋಡಿದೆ. ರೆಪ್ಪೆ ಮಿಟುಕಿಸದೆ, ಎದುರಿನವರ ಕಣ್ಣು ಬಿಟ್ಟು ಹಣೆಯನ್ನೇ ನೋಡುತ್ತಿದ್ದಳು. ಕ್ಯಾನು ಕೆಳಗಿಟ್ಟು 'ಒಂದು ತೊಟ್ಟು ನೀರು ಬೆರೆಸಿದ್ರೆ ಕೇಳು' ಅನ್ನುವಾಗಿನ ಮುಖವೇ ಅದು. ಡೇರಿಯಲ್ಲಾದರೆ ನನ್ನ ಕೈಯಲ್ಲಿ ಲ್ಯಾಕ್ಟೋಮೀಟರ್ ಇರುತ್ತದೆ. ಇಲ್ಲಿ ಈ ಡಾಕ್ಟರಮ್ಮನಿಗೆ ನನ್ನ ಹೊಟ್ಟೆಯೊಳಗೆ ಇಳಿಸಿ ನೋಡಲು ಏನೂ ಇರಲಿಲ್ಲ. ನನ್ನ ಬಾಯಿ ಮಾತೊಂದೇ ಆಧಾರ.

ಹೇಳಿದರೆ ಇವತ್ತು ಆಗುವುದಿಲ್ಲ. ಮುಂದಿನ ಗುರುವಾರದೊಳಗೆ ಅತ್ತೆ ನನ್ನ ಚೀಲ ಕೀಳಿಸುವ ಮುಹೂರ್ತ ಇಡಿಸಿರುತ್ತಾರೆ. ಅದೂ ಅಲ್ಲದೆ ಇವಳನ್ನು ಎರಡನೇ ಸಲ ಎಲ್ಲರೆದುರು ಸುಳ್ಳಿ ಮಾಡಬೇಕು, ಅದೂ ನನಗಾಗಿ ಬಂದವಳನ್ನು. ಹೇಳದಿದ್ದರೆ ಏನಾಗುತ್ತದೆ? ಏನೂ ಆಗದಿರಬಹುದು. ಡಾಕ್ಟರು ಪೆನ್ನು ಎತ್ತಿ 'ಇಲ್ಲ' ಅಂತ ಬರೆಯಲು ಹೊರಟರು.

"ಡಾಕ್ಟ್ರೇ, ತಿಂದಿದ್ದೀನಿ" ಅಂದೆ. "ಏಳೂವರೆಗೆ. ಇಡ್ಲಿ, ಕಾಫಿ."

ಚಿಕ್ಕಹನುಮಕ್ಕ ನನ್ನ ತೊಡೆ ಚಿವುಟಿದಳು. ಗೌನಿಗೆ ಹಿಂದೆ ಬಟ್ಟೆ ಇರಲಿಲ್ಲವೆಂದು ಹೇಳಿದೆನಲ್ಲ, ನೇರ ಚರ್ಮಕ್ಕೇ ಬಿತ್ತು.

ಶೃತಿ ಬೈಯಲಿಲ್ಲ. ಗಡಿಯಾರ ನೋಡಿದರು. "ಸದ್ಯ ಹೇಳಿದ್ರಿ. ಹಾಲು ಹಾಕಿದ ಕಾಫಿ, ಇಡ್ಲಿ, ಆರು ಗಂಟೆ ಬಿಡಬೇಕು. ಒಂದೂವರೆ ಆದ ಮೇಲೆ ನೋಡೋಣ. ನಿಮ್ಮದು ಪಟ್ಟಿಯಲ್ಲಿ ಕೊನೆಗೆ."

"ಇವತ್ತೇ ಆಗುತ್ತಾ?"

"ಆಗುತ್ತೆ. ಇನ್ನು ಒಂದು ತುತ್ತೂ ತಿನ್ನದಿದ್ರೆ."

ಅಷ್ಟು ಸುಲಭವೆಂದು ಗೊತ್ತಿದ್ದರೆ ಅಷ್ಟು ಬೆವರುತ್ತಿರಲಿಲ್ಲ. ಆದರೆ ಚಿಕ್ಕಹನುಮಕ್ಕನಿಗೆ ಸಮಾಧಾನವಿರಲಿಲ್ಲ.

"ಒಂದೂವರೆ ಇಡ್ಲಿಗೆ ಇಷ್ಟೊಂದಾ? ನಾನು ಎಷ್ಟು ಜನುಕ್ಕೆ ತಿನ್ಸಿವ್ನಿ. ಒಬ್ಬರಿಗೂ ಏನೂ ಆಗಿಲ್ಲ."

ಶೃತಿಯ ಪೆನ್ನು ನಿಂತಿತು. "ಎಷ್ಟು ಜನಕ್ಕೆ?"

ಅವಳು ಹೆಮ್ಮೆಯಿಂದ ಬೆರಳು ಮಡಿಸತೊಡಗಿದಳು. ಗೌರಮ್ಮನ ಹರ್ನಿಯ, ಎರಡಿಡ್ಲಿ. ಪುಟ್ಟತಾಯಮ್ಮನ ಕೈ ಮುರಿದದ್ದು, ಪೂರಿ ಸಾಗು. ಜಯಮ್ಮನ ಗಡ್ಡೆ, ಬರೀ ಎಳನೀರು, ಅವಳು ಹಟಮಾರಿ. ಏಳನೇ ಬೆರಳಿಗೆ ಬರುವ ಹೊತ್ತಿಗೆ ಡಾಕ್ಟರು ನನ್ನ ಮಂಚದ ತುದಿಯಲ್ಲಿ ಕೂತುಬಿಟ್ಟಿದ್ದರು.

"ಇದರಲ್ಲಿ ನನ್ನ ಪೇಷೆಂಟುಗಳು ಎಷ್ಟು?"

"ನಾಕು. ಪೂರಿ ನಿಮ್ಮುದೇ."

"ಅಮ್ಮ" ಅಂದರು ಶೃತಿ, ಮೆಲ್ಲಗೆ. "ನಿದ್ದೆ ಬರಿಸೋದು ದೊಡ್ಡ ವಿಷಯ ಅಲ್ಲ. ಮತ್ತಿನಲ್ಲಿ ಹೊಟ್ಟೇಲಿರೋದು ಮೇಲಕ್ಕೆ ಬಂದು ಉಸಿರಿನ ಕೊಳವೆಗೆ ಇಳಿದುಬಿಡಬಹುದು. ಎಚ್ಚರ ಇದ್ರೆ ಕೆಮ್ಮಿ ಹೊರಗೆ ಹಾಕ್ತೀವಿ. ಮತ್ತಿನಲ್ಲಿ ಕೆಮ್ಮೋಕೂ ಆಗಲ್ಲ. ಶ್ವಾಸಕೋಶ ಸುಟ್ಟ ಹಾಗಾಗುತ್ತೆ. ಆಮೇಲೆ ಯಾರಿಗಾದ್ರೂ ಕೆಮ್ಮು, ಜ್ವರ, ಉಸಿರು ಕಟ್ಟೋದು ಆಗಿತ್ತಾ?"

ಚಿಕ್ಕಹನುಮಕ್ಕ ಮಡಿಸಿದ್ದ ಬೆರಳುಗಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. "ಇಲ್ಲ" ಅಂದಳು. ಡಾಕ್ಟರ ಹಣೆಯನ್ನು ನೋಡುತ್ತಾ.

ಡಾಕ್ಟರು ನನ್ನ ಕಡೆ ತಿರುಗಿದರು. "ಸಂಜೆ ನಿಮ್ಮನ್ನ ಇವರನ್ನ ನಂಬಿ ಹೆಂಗೆ ಕಳಿಸಲಿ? ಮನೆಯವರು ಯಾರೂ ಇಲ್ವಾ?"

ಫೋನು ಮಾಡಿದೆ. ರಂಗೇಶ್ ಗಾಬರಿಯಿಂದ, "ಬರ್ತೀನಿ, ಆದ್ರೆ ಒಳಗೆ ಬರಬೇಕಾ? ಹೊರಗೆ ನಿಂತ್ರೆ ಆಗಲ್ವಾ?" ಅಂದರು. ಸ್ಪೀಕರ್ ಹಾಕಿದ್ದೆ. ಡಾಕ್ಟರು ನಗು ತಡೆದುಕೊಂಡರು.

"ಇವಳೇ ಇರಲಿ ಡಾಕ್ಟ್ರೇ" ಅಂದೆ. "ಸುಳ್ಳು ಹೇಳ್ತಾಳೆ. ಆದರೆ ಬಿಟ್ಟು ಎದ್ದು ಹೋಗಲ್ಲ."

ಶೃತಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಬಟ್ಟೆ ಗಂಟೆಗೊಂದು ನೆನೆದರೆ, ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ, ಜ್ವರ ಬಂದರೆ, ಉಸಿರಾಟ ಹೆಚ್ಚುಕಮ್ಮಿಯಾದರೆ ಈ ನಂಬರಿಗೆ ಫೋನು. ಓದಲು ಬಾರದ ಚಿಕ್ಕಹನುಮಕ್ಕ ಒಂದೇ ಸಲಕ್ಕೆ ನಂಬರು ಸಮೇತ ಎಲ್ಲವನ್ನೂ ತಿರುಗಿ ಒಪ್ಪಿಸಿದಳು. ಡಾಕ್ಟರು ಹಾಳೆಯ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ಎರಡು ಗಂಟೆಗೆ ಒಳಗೆ ಹೋದೆ. ಬೆರಳಿಗೆ ಕ್ಲಿಪ್ಪು, ತೋಳಿಗೆ ಪಟ್ಟಿ, ಮೂಗಿನ ಮೇಲೆ ಮಾಸ್ಕು. "ಒಳ್ಳೇದೇನಾದ್ರೂ ನೆನಪು ಮಾಡಿಕೊಳ್ಳಿ" ಅಂದರು ಶೃತಿ. ಹುಡುಕುತ್ತಿದ್ದೆ, ಸಿಗುವುದರೊಳಗೆ "ಜ್ಯೋತಿಲಕ್ಷ್ಮಿಯವರೇ, ಮುಗೀತು, ಕಣ್ಣು ಬಿಡಿ" ಅಂದರು. ಎಷ್ಟೋ ವರ್ಷ ಕಾದಿದ್ದ ನಿದ್ದೆ, ಮಾಡಿದ್ದೇ ಗೊತ್ತಾಗಲಿಲ್ಲ. ಮೋಸ ಹೋದಂತಾಗಿ ಅತ್ತುಬಿಟ್ಟೆ. ಮತ್ತಿಗೆ ಹಾಗಾಗುತ್ತದೆ ಅಂದರು ನರ್ಸು. ಗಂಟು ನೋಡಲು ಸಾಧುವಾಗೇ ಇದೆ, ರಿಪೋರ್ಟು ವಾರದಲ್ಲಿ ಬರುತ್ತದೆ ಅಂತಲೂ ಹೇಳಿದರು.

ಸಂಜೆ ರಂಗೇಶ್ ಕಳಿಸಿದ ಬಾಡಿಗೆ ಕಾರಿನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಚಿಕ್ಕಹನುಮಕ್ಕ ಮಾತಾಡಲಿಲ್ಲ. ಅದೊಂದೇ ನನಗೆ ಹೆದರಿಕೆಯಾದ ವಿಷಯ. ಮನೆಯಲ್ಲಿ ಮಾತ್ರ ಬಾಯಿ ಬಂತು. ರಂಗೇಶ್ ಕೈಲಿ ಅನ್ನ ಮಾಡಿಸಿದಳು, ಅತ್ತೆ "ಚೀಲ ತೆಗ್ಸಿದ್ರೆ..." ಅಂತ ಶುರು ಮಾಡಿದಾಗ "ಸುಮ್ಕೆ ಮಲೀಕಳಜ್ಜಿ, ಇವತ್ತು ಈ ಮನೇಲಿ ತೀರ್ಮಾನ ತಗಳಂಗಿಲ್ಲ, ಡಾಕ್ಟ್ರು ಬರ್ದವ್ರೆ" ಅಂತ ಬಾಯಿ ಮುಚ್ಚಿಸಿದಳು.

ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಒಳಗೆ ಬಂದಿತ್ತು. ಅವಳು ಮಂಚದ ಬುಡದಲ್ಲಿ ಕೂತು ಫೋನು ಹಚ್ಚಿದ್ದಳು.

"ಗೌರಮ್ಮ, ಉಸಿರಾಟ ಎಲ್ಲ ಸರಿಯಾಗೈತೇನೇ?... ಸುಮ್ನೆ ಕೇಳ್ದೆ... ಎರಡು ವರ್ಷ ಆಯ್ತು ಅಂತ ಗೊತ್ತು ಕಣೇ."

ಆಮೇಲೆ ಪುಟ್ಟತಾಯಮ್ಮ. ಆಮೇಲೆ ಜಯಮ್ಮ, ಅವಳಿಗೆ "ನಿಂದೇ ಸರಿ ಕಣೇ, ಎಳನೀರು" ಅಂದಳು. ಎಲ್ಲರೂ ನೆಟ್ಟಗೇ ಇದ್ದರು, ಬೆಳ್ಳಂಬೆಳಿಗ್ಗೆ ತಲೆ ತಿನ್ನಬೇಡ ಅಂತ ಬೈದರು. ಆರು ಫೋನಾದ ಮೇಲೆ ಮೊಬೈಲು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಏಳಲ್ವಾ ಇದ್ದದ್ದು?" ಅಂದೆ.

"ನೀನು ಮಲೀಕೊ."

"ಅಕ್ಕ."

"ದೊಡ್ಡೇರಿ ರಾಧಾಮಣಿ" ಅಂದಳು. "ನಮ್ ತಂಗಿ ಸೊಸೆ. ಶಿರಾದಾಗೆ ಆಪ್ರೇಷನ್ ಆಗಿದ್ದು. ಒಳಗಿಂದ ಬಂದೋಳಿಗೆ ಕೆಮ್ಮೋ ಕೆಮ್ಮು. ಹದಿನೈದು ದಿನ ಆಕ್ಸಿಜನ್ನು. ಬದುಕಿದ್ದೇ ಹೆಚ್ಚು. ಈಗ್ಲೂ ಮೆಟ್ಲು ಹತ್ತಕ್ಕಾಗಲ್ಲ ಅವಳಿಗೆ. ನಾವೆಲ್ಲ ಡಾಕ್ಟ್ರುದೇ ತಪ್ಪು ಅಂತ ಜಗಳಕ್ಕೋದ್ವಿ. ಮೊದ್ಲು ಕೈ ಎತ್ತಿದ್ದು ನಾನೇ."

ನಿನಗೆ ಗೊತ್ತಿರಲಿಲ್ಲವಲ್ಲ ಅನ್ನಬಹುದಿತ್ತು. ಹಾಳೆಯಲ್ಲಿ ಬರೆದದ್ದನ್ನು ಓದಿಯೂ ತಿಂದ ನನ್ನ ಬಾಯಲ್ಲಿ ಆ ಮಾತು ಹೊರಡಲಿಲ್ಲ.

"ಹೇಳ್ಲೇಬೇಕಾ ಅವಳಿಗೆ?" ಅಂದಳು.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನಿಂದ ಒಂದೊಂದೇ ಹೆಸರಿನ ಮುಂದಿನ ಫೋಟೋ ದಾಟಿಸುತ್ತಾ ಹೋಗಿ ಒಂದರ ಮೇಲೆ ಒತ್ತಿದಳು. ಆ ಕಡೆ ರಿಂಗಾಗುವುದು ನನಗೂ ಕೇಳಿಸುತ್ತಿತ್ತು. ಯಾರೋ ಎತ್ತಿದರು.

"ರಾಧಾಮಣಿ, ನಾನು ಕಣಮ್ಮ. ಕೂತ್ಕೊಂಡಿದ್ದೀಯಾ? ಕೂತ್ಕೊ. ಅವತ್ತು ಶಿರಾದಾಗೆ ಆಪ್ರೇಷನ್‌ಗೆ ಮುಂಚೆ ನಿನಗೆ ಇಡ್ಲಿ ತಿನ್ಸಿದ್ನಲ್ಲ..."