ಗಾಯದೊಳಗಿನ ಲೋಳೆ

ಮರೆಪ್ಪನ ಬೆರಳಿಗೆ ಕಬ್ಬಿಣದ ಚೂರು ಹೊಕ್ಕು ಎರಡು ತಿಂಗಳಾಗಿತ್ತು. ಯಾದಗಿರಿ ಕಡೆಯಿಂದ ಬಂದು ಪೀಣ್ಯದ ಶೆಡ್ಡೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಮೆಷಿನ್ ಓಡಿಸುವವನು ಅವನು. ಬಲಗೈ ತೋರುಬೆರಳು ಹೋದರೆ ಆ ಕೆಲಸವೂ ಹೋಯಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ಗುಳಿಗೆ ತರುವುದು, ನೋವು ತಗ್ಗಿದೊಡನೆ ನಿಲ್ಲಿಸುವುದು, ಮತ್ತೆ ಕೀವು. ಕೊನೆಗೆ ಹೆಂಡತಿ ದುರ್ಗವ್ವ ಅವನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಬಂದಳು.

ಡಾಕ್ಟರು ಕೀವು ಪರೀಕ್ಷೆ ಮಾಡಿಸಿ, ಗಾಯ ಕೆರೆದು ತೊಳೆಯಬೇಕೆಂದರು, ಗುಳಿಗೆಯನ್ನೂ ಬರೆದರು. ನರ್ಸ್ ವನಜಾ ಟ್ರೇ ತಂದಾಗ ಮರೆಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಈ ಗುಳಿಗ್ಯಾಗ ಎರಡು ಔಷಧ ಅದಾವಂತಲ್ರೀ. ಒಂದು ಗಾಯಕ್ಕ ಎರಡು ಯಾಕ? ಪರವೂರಿನವರಂತ ನಮ್ಮ ಮ್ಯಾಲ ಪ್ರಯೋಗ ಮಾಡಾಕತ್ತೀರೇನು?"

"ಪ್ರಯೋಗ ಅಲ್ಲ ಅಣ್ಣ. ನಿಮ್ಮ ಗಾಯದಲ್ಲಿರೋ ಕ್ರಿಮಿ ಮೊದಲನೇ ಔಷಧಾನ ಒಡೆದುಹಾಕುತ್ತೆ. ಎರಡನೇದು ಅದರ ಕೈ ಕಟ್ಟಿಹಾಕುತ್ತೆ. ಆಗ ಮೊದಲನೇದು ಕೆಲಸ ಮಾಡುತ್ತೆ."

"ಹಂಗಾದ್ರ ಗುಳಿಗಿ ಸಾಕು. ಕೆರಿಯೋದು ಯಾಕ?"

"ಕ್ರಿಮಿಗಳೆಲ್ಲ ಸೇರ್ಕೊಂಡು ಮೇಲೆ ಲೋಳೆ ಹೊದ್ಕೊಂಡು ಕೂತಿವೆ. ಔಷಧ ಸರಿಯಾಗಿ ಒಳಗಿಳಿಯಲ್ಲ."

"ಕತಿ ಹೇಳಬ್ಯಾಡ್ರಿ ಅಕ್ಕ."

ದುರ್ಗವ್ವನಿಗೆ ತಡೆಯಲಾಗಲಿಲ್ಲ. ಅದೇ ಶೆಡ್ಡಿನಲ್ಲಿ ಮೆಷಿನ್ ತಂಪು ಮಾಡುವ ಕೂಲೆಂಟ್ ತೊಟ್ಟಿ ತೊಳೆಯುವವಳು ಅವಳು.

"ಕೂಲೆಂಟ್ ನಾತ ಹೊಡದ್ರ ನೀ ಏನ್ ಮಾಡ್ತಿ?"

"ಔಷಧ ಸುರೀತೀನಿ."

"ನಾತ ಮತ್ತ ಬರ್ತದ. ನಾ ಲೋಳಿ ಕೆರದು ತಗದು, ಆಮ್ಯಾಲ ಔಷಧ ಹಾಕಿದ್ರನ ಹೋಗ್ತದ. ತೊಟ್ಟಿಗೊಂದು ನ್ಯಾಯ, ನಿನ್ನ ಬೆರಳಿಗೊಂದು ನ್ಯಾಯ?"

ಮರೆಪ್ಪ ಟ್ರೇಯನ್ನೇ ಓರೆಗಣ್ಣಿನಿಂದ ನೋಡಿದ. "ಲೋಳಿ ಕರಗಸೋ ಗುಳಿಗಿ ಇಲ್ಲೇನ್ರೀ?"

"ಅಂಥ ರಾಸಾಯನಿಕಗಳನ್ನ ಆ್ಯಂಟಿಬಯಾಟಿಕ್ ಜತೆ ಸೇರಿಸಿ ವಿಜ್ಞಾನಿಗಳು ಪರೀಕ್ಷೆ ಮಾಡ್ತಿದಾರೆ. ನಮ್ಮ ಕೈಗಿನ್ನೂ ಬಂದಿಲ್ಲ. ಬರೋವರ್ಗೂ ನಿಮ್ಮ ಬೆರಳು ಕಾಯಲ್ಲ."

"ಭಾಳ ನೋಯ್ತದೇನು?"

"ಮರಗಟ್ಟೋ ಇಂಜೆಕ್ಷನ್ ಕೊಡ್ತೀವಿ."

"ನಮ್ಮ ತೊಟ್ಟಿ ಇಂಜೆಕ್ಷನ್ನೂ ಕೇಳೋದಿಲ್ಲ ನೋಡ್ರಿ," ಎಂದಳು ದುರ್ಗವ್ವ.

ಮರೆಪ್ಪ ಅವಳನ್ನು ದುರುಗುಟ್ಟಿ ನೋಡಿ, ಕೈ ಮುಂದೆ ಚಾಚಿದ.

ನಮ್ಮ ಹಾಗೇ ಊರು ಬಿಟ್ಟು ದುಡಿಯಲು ಬಂದ ಅಣ್ಣಂದಿರೇ, ಅಕ್ಕಂದಿರೇ, ಅನುಮಾನ ಬಿಡಿ ಎಂದು ನಾವು ಹೇಳುವುದಿಲ್ಲ. ನಮ್ಮಂಥವರಿಗೆ ಟೋಪಿ ಹಾಕುವವರು ಬೇಕಾದಷ್ಟಿದ್ದಾರೆ. ಆದರೆ ಅನುಮಾನವನ್ನು ಡಾಕ್ಟರ ಎದುರಿಗೇ ಕೇಳಿ. ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡುವ ಅಂಗಡಿಯನ್ನೂ ಅಷ್ಟೇ ಅನುಮಾನಿಸಿ. ನೋವು ಹೋಯಿತೆಂದು ಗುಳಿಗೆಯನ್ನು ನಡುವೆ ನಿಲ್ಲಿಸಬೇಡಿ. ಉಳಿದದ್ದನ್ನು ಪಕ್ಕದ ರೂಮಿನವರಿಗೆ ಕೊಡಬೇಡಿ. ಮಾಯದ ಗಾಯವನ್ನು ಇವತ್ತೇ ತೋರಿಸಿ. ಬೆರಳು ಹೋದರೆ ಮಾಲೀಕ ಹೊಸ ಬೆರಳು ತಂದುಕೊಡುವುದಿಲ್ಲ, ಹೊಸ ಆಳನ್ನು ಹುಡುಕುತ್ತಾನೆ.