ತುಂಬಿದ ಬಾಟಲಿ

ಚಹಾ ಬೇಡಪ್ಪಾ, ತೆಗೆದುಕೊಂಡು ಹೋಗು, ಆ ಬಣ್ಣ ನೋಡಲಾರೆ, ಹಾಲಿಲ್ಲದ ಕರೀ ಚಹಾ, ಮಗಳ ಮಂಚಕ್ಕೆ ತೂಗುಬಿಟ್ಟ ಮೂತ್ರದ ಚೀಲದಲ್ಲೂ ಅದೇ ಬಣ್ಣ, ತಳದಲ್ಲಿ ಒಂದಿಷ್ಟು, ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ — ಮೂತ್ರ ಬರಬೇಕಮ್ಮಾ, ಬಂದರೆ ಕಿಡ್ನಿ ಮತ್ತೆ ಕೆಲಸ ಶುರು ಮಾಡಿದೆ ಅಂತ, ಇಲ್ಲಾಂದ್ರೆ ಡಯಾಲಿಸಿಸ್ ಹೀಗೇ ಮುಂದುವರಿಯುತ್ತೆ, ಅನ್ನುತ್ತಾರೆ ಡಾಕ್ಟರ್ ಮೃದುಲಾ, ಮೈಸೂರಿನವರಂತೆ, ಈ ನಾಗಪುರದ ಆಸ್ಪತ್ರೆಯಲ್ಲಿ ಕನ್ನಡ ಕೇಳಿ ಮೊದಲ ದಿನ ಹೋದ ಜೀವ ಬಂದಂತಾಗಿತ್ತು, ಈಗ ಅನ್ನಿಸುತ್ತದೆ, ಮರಾಠಿಯಲ್ಲೇ ಹೇಳಿದ್ದರೆ ಅರ್ಧವಾದರೂ ತಿಳಿಯದೆ ಉಳಿಯುತ್ತಿತ್ತು. ನನ್ನ ನಿಕಿತಾ, ಪೊಲೀಸ್ ನೌಕರಿಯ ಭರ್ತಿಗೆಂದು ಹಗಲೆಲ್ಲ ಓಡುತ್ತಿದ್ದ ಹುಡುಗಿ, ಕುತ್ತಿಗೆಗೆ ಡಯಾಲಿಸಿಸ್ ನಳಿಕೆ ಹಾಕಿಸಿಕೊಂಡು ಮಲಗಿದ್ದಾಳೆ, ನಾನು ಅವಳ ಉಚ್ಚೆಗಾಗಿ ಕೋರಾಡಿಯ ದೇವಿಗೆ ಹರಕೆ ಹೊತ್ತಿದ್ದೇನೆ, ಇಂಥ ಹರಕೆ ಆ ತಾಯಿಯಾದರೂ ಕೇಳಿದ್ದಳೋ ಇಲ್ಲವೋ.

ಸೋಮವಾರ ಬಸ್ಸು ತಡವಾಯಿತು, ನಮ್ಮ ಕಾಲನಿಯಿಂದ ತರಬೇತಿಯ ಮೈದಾನ ಮುಟ್ಟುವುದರೊಳಗೆ ಬಿಸಿಲು ಏರಿತ್ತು, ತಡವಾಗಿ ಬಂದದ್ದಕ್ಕೆ ಅಕಾಡೆಮಿಯ ಸರ್ ಬೈಠಕ್ ಹೊಡೆಸಿದ, ಬಸ್ಕಿ, ಬೀಳುವವರೆಗೂ ಹೊಡಿ ಅಂದನಂತೆ, ಹೊಡೆದಳು, ಹಠಮಾರಿ, ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಲ್ಲವೇ. ಮನೆಗೆ ಬಂದಾಗ ಚೀಲದಿಂದ ಗುಲಾಬಿ ಬಾಟಲಿ ಇಣುಕುತ್ತಿತ್ತು, ಬೆಳಿಗ್ಗೆ ನಾನು ತುಂಬಿದ್ದು ತುಂಬಿದ ಹಾಗೇ ಇತ್ತು, ಯಾಕ, ನೀರು ಕುಡಿಲಿಲ್ಲೇನು, ಹ್ಯಾಂಗ ಕುಡಿಯೂದವ್ವಾ, ಅಲ್ಲಿ ಹುಡುಗ್ಯಾರಿಗೆ ಸಂಡಾಸ ಎಲ್ಲೈತಿ, ಹುಡುಗ್ರು ಗ್ವಾಡಿ ಕಡೆ ಹೋಗ್ತಾರ, ನಾವು ಕುಡಿಯೂದೇ ಇಲ್ಲ, ಸಗಳ್ಯಾ ಮುಲೀ ಅಸಂಚ್ ಕರತಾತ್, ಎಲ್ಲ ಹುಡುಗಿಯರೂ ಹಾಗೇ ಮಾಡುತ್ತಾರಂತೆ, ಎಲ್ಲರೂ, ಆ ಉರಿಬಿಸಿಲಲ್ಲಿ, ಒಣ ಬಾಯಲ್ಲಿ. ಮರುದಿನ ಮೆಟ್ಟಿಲು ಇಳಿಯಲಾಗದೆ ಕೂತು ಕೂತು ಜಾರಿದಳು, ಇವರು ನಕ್ಕರು, ನನ್ನ ಗಂಡ, ಗುಂಡಪ್ಪ ಪೈಲ್ವಾನರು, ವಿದ್ಯುತ್ ಸ್ಥಾವರಕ್ಕೆ ನೌಕರಿಗೆ ಬಂದು ಇಷ್ಟು ವರ್ಷವಾದರೂ ಊರಿನ ಗರಡಿ ಮೈಬಿಟ್ಟಿಲ್ಲ, ಮೈ ಹಿಡದೈತಿ ಅಷ್ಟ, ನಮ್ಮ ಉಸ್ತಾದ ಏನ್ ಹೇಳ್ತಿದ್ದ, ನೋವಿನ ಮ್ಯಾಲ ಮತ್ತ ಬೈಠಕ್ ಹೊಡದ್ರ ನೋವು ಬಿಡತೈತಿ, ಏಳವ್ವಾ, ನಿನ್ನ ಕೂಡ ನಾನೂ ಹೊಡಿತೇನಿ. ಮಾಳಿಗೆಯ ಮೇಲೆ ಅಪ್ಪ ಮಗಳು ಎದುರುಬದುರು, ಇವರು ಹುರುಪಿನಲ್ಲಿ ಶಬ್ಬಾಶ್ ಶಬ್ಬಾಶ್ ಎನ್ನುತ್ತ, ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ, ಅಪ್ಪನ ಮುಂದೆ ಸೋಲಬಾರದಲ್ಲ. ಆಮೇಲೆ ಎಳ್ಳೆಣ್ಣೆ ಕಾಸಿ ಇವರೇ ತಿಕ್ಕಿದರು, ನೋಡಿಲ್ಲೆ, ಹುಡುಗಿ ತೊಡಿ ಹ್ಯಾಂಗ ಕಟ್ಟಿಗಿ ಆಗೈತಿ, ಎಂಥ ಹೆಮ್ಮೆ ಮುಖದಲ್ಲಿ — ಬಾವು ರೀ ಅದು, ಬಾವು. ಬುಧವಾರ ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು, ಅವ್ವಾ, ಉಚ್ಚಿ ಕರ್ರಗ ಬರಾಕತ್ತೈತಿ, ಚಹಾದಂಗ, ಆಮೇಲೆ ಆಟೋ, ಜಲ್ದಿ ಭಾವೂ ಜಲ್ದಿ, ಬೇಗ ಅಣ್ಣಾ, ಸಿಗ್ನಲ್ಲು, ಅವಳ ತಲೆ ನನ್ನ ಹೆಗಲ ಮೇಲೆ.

ಮಿತಿಮೀರಿ ದಣಿದರೆ ಮಾಂಸಖಂಡ ಒಡೆಯುತ್ತಮ್ಮಾ, ಒಡೆದದ್ದು ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುತ್ತೆ, ಅಂದರು ಡಾಕ್ಟರ್, ತೊಡೆ ಗಟ್ಟಿಯಾಗಿ ಕೂತು ಜಾರಿದಳು ಅಂದ್ರಲ್ಲ, ಆವತ್ತೇ ಕರ್ಕೊಂಡು ಬಂದಿದ್ರೆ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗೋದು, ಮಲಗಿಸಿ ಸಲೈನ್ ಕೊಡ್ತಿದ್ವಿ, ಇಷ್ಟಕ್ಕೆ ಬರ್ತಿರಲಿಲ್ಲ. ಆವತ್ತೇ ಅಂದರೆ ಮಂಗಳವಾರ, ಇವರ ಮಂಗಳವಾರ. ಡಾಕ್ಟರ್ ಅದನ್ನು ಹೇಳುವಾಗ ಇವರು ಪಕ್ಕದಲ್ಲೇ ನಿಂತಿದ್ದರು, ಆಗ ಹೊರಗೆ ಹೋದವರು ಮತ್ತೆ ಒಳಗೆ ಬಂದಿಲ್ಲ, ವರಾಂಡದ ಬೆಂಚಿನ ಮೇಲೆ ಕೂತಿದ್ದಾರೆ, ಆ ದೊಡ್ಡ ಕೈಗಳನ್ನು ತೊಡೆಯ ಸಂದಿಯಲ್ಲಿ ಅಡಗಿಸಿಕೊಂಡು. ಬೈಯಬೇಕು ಅಂತ ಎದ್ದು ಹೋಗುತ್ತೇನೆ, ಬಾಗಿಲವರೆಗೆ ಹೋಗುತ್ತೇನೆ, ಮಗಳ ತೊಡೆಗೆ ಎಣ್ಣೆ ತಿಕ್ಕಿದ ಕೈ ಅದು, ತಿರುಗಿ ಬರುತ್ತೇನೆ. ಸುಟ್ಟು ಹೋಗಲಿ ಆ ಗರಡಿ, ಆ ಮೈದಾನ, ಒಂದು ಸಂಡಾಸ ಕಟ್ಟಿಸಲಾಗದ ಆ ಅಕಾಡೆಮಿ.

ಅವ್ವಾ, ನೀರು. ಎಚ್ಚರವಾಯಿತೇ ನನ್ನ ಕೂಸಿಗೆ, ಕೊಡತೇನಿ ತಡಿ, ಕೊಡುವುದು ಏನನ್ನು, ಒದ್ದೆ ಹತ್ತಿಯನ್ನು, ತುಟಿಗೆ ಅಷ್ಟೇ, ಉಚ್ಚೆ ಬಾರದೆ ನೀರು ಕುಡಿಸುವ ಹಾಗಿಲ್ಲ, ಹೆಚ್ಚಾದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಮ್ಮಾ, ಹುಷಾರು, ಅಂದಿದ್ದಾರೆ ಡಾಕ್ಟರ್. ಹತ್ತಿಯನ್ನು ಚೀಪುತ್ತಾಳೆ, ಬಿಡುವುದೇ ಇಲ್ಲ, ಹಸುಗೂಸಿದ್ದಾಗ ಹೀಗೇ, ಇನ್ನ ಸ್ವಲ್ಪ ಅವ್ವಾ, ಒಂದಽ ಗುಟುಕು, ಸಾಕವ್ವಾ, ಡಾಕ್ಟರ್ ಬೈತಾರ, ಉಚ್ಚೆಯ ಚೀಲ ನೋಡುತ್ತೇನೆ, ಅದರ ನಳಿಕೆ ಒಣಗಿದೆ, ಒಂದು ಹನಿ ಇಲ್ಲ, ಟವೆಲ್ಲಿಗಾಗಿ ಮಂಚದ ಕೆಳಗೆ ಕೈಹಾಕುತ್ತೇನೆ, ಬುಧವಾರ ಬರುವಾಗಲೇ ಇವರು ಮನೆಯಿಂದ ಅವಸರದಲ್ಲಿ ಕೈಗೆ ಸಿಕ್ಕಿದ ಚೀಲ ತಂದಿದ್ದಾರೆ, ಮೈದಾನದ ಚೀಲ, ಬೂಟು, ಬೆವರಿನ ಟಿ-ಶರ್ಟು, ಕೈಗೆ ತಣ್ಣಗೆ ಏನೋ ತಾಗಿತು — ಅವ್ವಾ, ನೀರು — ಗುಲಾಬಿ ಬಾಟಲಿ, ಸೋಮವಾರದ್ದು, ಕಂಠದವರೆಗೆ ತುಂಬಿದ್ದು, ಮುಚ್ಚಳ ಬಿಚ್ಚದ್ದು — ಅವ್ವಾ — ತುಂಬಿದ್ದು, ತುಂಬಿದ ಹಾಗೇ ಇದ್ದದ್ದು —